ಸೇತುವೆ ಕಟ್ಟುವ ಕೈ, ನೆಲಬಾಂಬು ಹುಗಿಯುವ ಕೈ

ಕಳೆದ ವರ್ಷ ಮದುವೆಯೊಂದರ ನಿಮಿತ್ತ ಹಾನಗಲ್ ತಾಲೂಕಿನ ತಿಳವಳ್ಳಿಗೆ ಹೋಗಿದ್ದೆವು. ಊಟ ಮುಗಿಸಿ ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಅವರ ಮಗ ಬಂದು ಪಕ್ಕದಲ್ಲಿ ಕುಳಿತ. ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗ. ಸೇನೆಗೆ ಸೇರಬೇಕು, ಅದರಲ್ಲೂ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೇ ಸೇರಬೇಕು ಎಂಬುದು ಅವನ ಹಂಬಲ. ಮೊಬೈಲ್ ತೆರೆದು ವಯನಾಡಿನ ಸೇತುವೆಯ ಚಿತ್ರ ತೋರಿಸಿದ. ಚಹಾ ತಂದಿಟ್ಟ ಅವನ ತಾಯಿ ಚಿತ್ರವನ್ನು ಒಮ್ಮೆ ನೋಡಿ, ನಮ್ಮ ಕಡೆ ತಿರುಗಿ ಕೇಳಿದರು: “ಸೇತುವೆ ಕಟ್ಟೂದ ಆದ್ರ ಪಿಡಬ್ಲ್ಯುಡಿ ಇಲ್ಲೇ ಐತಲ್ರೀ ಭಾಯಿಸಾಬ್. ಅದಕ್ಕ ಬಂದೂಕು ಯಾಕ ಬೇಕು?”

ಆಗ ನಾವು ಏನೋ ಹೇಳಿ ಜಾರಿಕೊಂಡೆವು. ಆದರೆ ಬಸ್ಸು ಹತ್ತಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ತಾಯಿ ಕೇಳಿದ್ದು ಬರೀ ನೌಕರಿಯ ವಿಚಾರವಲ್ಲ. ಕಟ್ಟುವ ವಿದ್ಯೆಗೂ ಕೊಲ್ಲುವ ವಿದ್ಯೆಗೂ ಏನು ಸಂಬಂಧ ಎಂದು ಅವರು ಕೇಳಿದ್ದರು.

ಮೊದಲು ಆ ಹುಡುಗನ ಚಿತ್ರದ ವಿಚಾರ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿದು ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಎರಡರ ನಡುವಿನ ಸೇತುವೆಯೂ ಹೋಯಿತು. ಆಚೆ ದಡದಲ್ಲಿ ಮಣ್ಣಿನಡಿ ಸಿಕ್ಕಿಕೊಂಡವರ ಬಳಿಗೆ ಮಣ್ಣೆತ್ತುವ ಯಂತ್ರ ಹೋಗಲು ದಾರಿಯಿರಲಿಲ್ಲ. ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಮೇಜರ್ ಸೀತಾ ಶೆಲ್ಕೆಯವರ ಮುಂದಾಳುತನದಲ್ಲಿ 31ರ ರಾತ್ರಿಯಿಡೀ ದುಡಿದು, ಆಗಸ್ಟ್ 1ರ ಸಂಜೆಯ ಹೊತ್ತಿಗೆ 190 ಅಡಿ ಉದ್ದದ, 24 ಟನ್ ಭಾರ ಹೊರಬಲ್ಲ ಬೈಲಿ ಸೇತುವೆಯನ್ನು ನಿಲ್ಲಿಸಿದರು. ಈ ಸೇತುವೆಯನ್ನು ಕಟ್ಟುವ ರೀತಿಯೇ ಚೆಂದ. ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟುಗಳನ್ನು ಆರೇಳು ಮಂದಿ ಹೆಗಲು ಕೊಟ್ಟು ಹೊತ್ತು ತಂದು, ಒಂದಕ್ಕೊಂದು ಪಿನ್ ಹಾಕಿ ಜೋಡಿಸುತ್ತಾರೆ. ಮುಂಭಾಗಕ್ಕೆ ಹಗುರವಾದ ಮೂತಿಯೊಂದನ್ನು ಕಟ್ಟಿ, ಇಡೀ ಸೇತುವೆಯನ್ನು ಉರುಳೆಗಳ ಮೇಲಿಟ್ಟು ಈ ದಡದಿಂದಲೇ ಆಚೆ ದಡಕ್ಕೆ ತಳ್ಳುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ರೂಪಿಸಿದ್ದು ಟ್ಯಾಂಕುಗಳು ನದಿ ದಾಟಲೆಂದು. ಅಂದರೆ ವಯನಾಡಿನ ಜನರ ಪ್ರಾಣ ಕಾಯಲು ಬಂದ ಸೇತುವೆಯೂ ಯುದ್ಧದ ಹೊಟ್ಟೆಯಲ್ಲೇ ಹುಟ್ಟಿದ್ದು.

ಆ ತಾಯಿಗೆ ನಾವು ಕೊಡಬೇಕಾಗಿದ್ದ ಅರ್ಧ ಉತ್ತರ ಇಲ್ಲಿದೆ. ಪಿಡಬ್ಲ್ಯುಡಿ ಎಂಜಿನಿಯರ್ ಟೆಂಡರ್ ಕರೆಯುವ ಹೊತ್ತಿಗೆ ಮಣ್ಣಿನಡಿಯಲ್ಲಿದ್ದವನ ಉಸಿರು ನಿಂತಿರುತ್ತದೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇವೆ: ಬಂದೂಕಿಲ್ಲದ ಎಂಜಿನಿಯರಿಂಗ್ ಅಷ್ಟಕ್ಕೇ ಪುಣ್ಯದ ಕೆಲಸವಾಗುವುದಿಲ್ಲ. ವಯನಾಡಿನ ಸೇತುವೆ ಎದ್ದ ವಾರದೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ನಾಲ್ಕು ದಶಕ ಹಳೆಯ ಹೆದ್ದಾರಿ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದು ಅಲ್ಲಾಹನ ಕೃಪೆ.

ಉತ್ತರದ ಉಳಿದರ್ಧ ಸುಲಭದ್ದಲ್ಲ. ಸೇನೆಯ ಎಂಜಿನಿಯರನ್ನು ಸ್ಯಾಪರ್ ಎನ್ನುತ್ತಾರೆ. ಶತ್ರುವಿನ ಕೋಟೆಯ ಗೋಡೆಯತ್ತ ಅಡಗಿ ತೋಡುತ್ತಾ ಹೋಗುವ ಕಂದಕಕ್ಕೆ ‘ಸ್ಯಾಪ್’ ಎಂಬ ಹೆಸರಿತ್ತು, ಅದನ್ನು ತೋಡುವವನು ಸ್ಯಾಪರ್. ನಮ್ಮಲ್ಲಿ ಇಂತಹ ಮೂರು ಪಡೆಗಳಿವೆ: ಬೆಂಗಳೂರಿನಲ್ಲಿ ಮದ್ರಾಸ್, ರೂರ್ಕಿಯಲ್ಲಿ ಬೆಂಗಾಲ್, ಪುಣೆಯ ಖಡ್ಕಿಯಲ್ಲಿ ಬಾಂಬೆ ಸ್ಯಾಪರ್‌ಗಳು. ತಮ್ಮವರು ಮುಂದೆ ಹೋಗಲು ದಾರಿ ಮಾಡಿಕೊಡುವುದು ಇವರ ಕೆಲಸ. ಎದುರಾಳಿಯ ದಾರಿ ಮುಚ್ಚುವುದೂ ಇವರದೇ. ಇಂದು ಸೇತುವೆ ಕಟ್ಟಿದವನು ನಾಳೆ ಹಿಂದೆ ಸರಿಯಬೇಕಾಗಿ ಬಂದರೆ ಅದನ್ನೇ ಸ್ಫೋಟಿಸಬೇಕು. ನೆಲಬಾಂಬು ಕೀಳುವ ವಿದ್ಯೆ ಕಲಿತವನು ಹುಗಿಯುವುದನ್ನೂ ಕಲಿತಿರುತ್ತಾನೆ. ಅಗತ್ಯ ಬಿದ್ದರೆ ಕಾಲಾಳಿನಂತೆ ಬಂದೂಕು ಹಿಡಿಯಬೇಕು. ಇದರಲ್ಲಿ ಒಂದನ್ನು ಮಾಡುತ್ತೇನೆ, ಇನ್ನೊಂದನ್ನು ಬಿಡುತ್ತೇನೆ ಎನ್ನುವಂತಿಲ್ಲ.

ಯಾರ ಅಪ್ಪಣೆಗೆ ಎಂಬುದನ್ನೂ ಕೇಳಬೇಕಾಗುತ್ತದೆ. ಮದ್ರಾಸ್ ಪಡೆಯ ಬೇರು 1780ರಷ್ಟು ಹಿಂದಿನದು. ಹೈದರಾಲಿಯ ಸೈನ್ಯ ಕರ್ನಾಟಿಕ್ ಸೀಮೆಗೆ ನುಗ್ಗಿದ ವರ್ಷ ಅದು. ಈಸ್ಟ್ ಇಂಡಿಯಾ ಕಂಪೆನಿ ಆಗ ಪಯೊನಿಯರ್‌ಗಳ ಎರಡು ತುಕಡಿಗಳನ್ನು ಕಟ್ಟಿತು. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಈ ಪಯೊನಿಯರ್‌ಗಳು ದುಡಿದಿದ್ದರು. ಗುದ್ದಲಿ ಹಿಡಿದವರು ನಮ್ಮ ದಕ್ಷಿಣದ ಬಡವರ ಮಕ್ಕಳೇ. ಗುದ್ದಲಿಗೆ ಧಣಿ ಯಾರೆಂಬುದು ತಿಳಿಯದು, ಹಿಡಿದವನಿಗೆ ತಿಳಿದಿರಬೇಕು. ಇಂದು ಆ ಪಡೆಯ ಧಣಿ ಕಂಪೆನಿಯಲ್ಲ, ನಾವೇ ಮತ ಹಾಕಿ ಕಟ್ಟಿಕೊಂಡ ಗಣರಾಜ್ಯ. ಹಾಗೆಂದೇ ಅದು ಮಾಡುವ ಕೆಲಸದ ಪಾಪ ಪುಣ್ಯಗಳಲ್ಲಿ ತಿಳವಳ್ಳಿಯ ಆ ಹುಡುಗನಿಗೆ ಮಾತ್ರವಲ್ಲ, ಮನೆಯಲ್ಲಿ ಕುಳಿತ ನಮಗೂ ಪಾಲಿದೆ.

ಇಸ್ಲಾಮೀ ಚರಿತ್ರೆಯನ್ನು ಬಲ್ಲವರಿಗೆ ಈ ವಿದ್ಯೆ ಹೊಸದಲ್ಲ. ಹಿಜರಿ 5ನೇ ವರ್ಷ ಮದೀನವನ್ನು ಮುತ್ತಲು ದೊಡ್ಡ ಸೈನ್ಯ ಬಂದಾಗ ಕಂದಕ ತೋಡೋಣವೆಂಬ ಸಲಹೆ ಕೊಟ್ಟವರು ಪರ್ಶಿಯಾದಿಂದ ಬಂದ ಸಲ್ಮಾನ್ ಫಾರಿಸಿ(ರ). ಅರಬರಿಗೆ ಅಪರಿಚಿತವಾಗಿದ್ದ ಉಪಾಯ ಅದು. ಪ್ರವಾದಿವರ್ಯರು(ಸ) ಹಸಿದ ಹೊಟ್ಟೆಯಲ್ಲಿ ಸಂಗಾತಿಗಳೊಂದಿಗೆ ತಾವೂ ಮಣ್ಣು ಹೊತ್ತರು. ಕಂದಕದ ಆಚೆ ಬೀಡುಬಿಟ್ಟ ಸೈನ್ಯ ವಾರಗಟ್ಟಲೆ ಕಾದು, ಗಾಳಿ ಚಳಿಗೆ ತತ್ತರಿಸಿ ಹಿಂತಿರುಗಿತು. ಎರಡೂ ಕಡೆ ಸತ್ತವರು ಬೆರಳೆಣಿಕೆಯಷ್ಟು. ಸಾವನ್ನು ತಡೆಯಲೂ ಗುದ್ದಲಿ ಒದಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು. ಸಿರಿಯಾದತ್ತ ಹೊರಟ ಸೈನ್ಯಕ್ಕೆ ಹ. ಅಬೂಬಕ್ಕರ್(ರ) ಮಕ್ಕಳನ್ನು, ಹೆಂಗಸರನ್ನು, ಮುದುಕರನ್ನು ಕೊಲ್ಲಬಾರದು, ಫಲ ಕೊಡುವ ಮರ ಕಡಿಯಬಾರದು ಎಂದು ಕಟ್ಟಪ್ಪಣೆ ಮಾಡಿದ್ದೂ ಪ್ರಸಿದ್ಧ.

ಕಂದಕ ಕಣ್ಣಿಗೆ ಕಾಣುತ್ತದೆ, ಯುದ್ಧ ಮುಗಿದ ಮೇಲೆ ಮುಚ್ಚಬಹುದು. ನೆಲಬಾಂಬು ಹಾಗಲ್ಲ. ಬಂದೂಕು ಹಿಡಿದವನು ಎದುರಿಗಿರುವವನನ್ನು ನೋಡುತ್ತಾನೆ, ಬೇಡವೆನಿಸಿದರೆ ಬೆರಳು ತಡೆಯಬಹುದು. ನೆಲಬಾಂಬನ್ನು ಹುಗಿದವನು ಮನೆಗೆ ಹೋಗಿ ಮಲಗಿರುತ್ತಾನೆ. ಕದನ ವಿರಾಮದ ಸುದ್ದಿ ಅದಕ್ಕೆ ತಲುಪುವುದಿಲ್ಲ. ತುಳಿದ ಕಾಲು ಸೈನಿಕನದೋ ಕುರಿ ಕಾಯುವ ಹುಡುಗಿಯದೋ ಎಂದು ಅದು ನೋಡುವುದಿಲ್ಲ. ಸಂಸತ್ತಿನ ಮೇಲೆ ದಾಳಿಯಾದ ಬಳಿಕ, 2001ರ ಡಿಸೆಂಬರಿನಿಂದ ನಡೆದ ಆಪರೇಶನ್ ಪರಾಕ್ರಮದಲ್ಲಿ ಪಂಜಾಬ್, ರಾಜಸ್ಥಾನ, ಜಮ್ಮುವಿನ ಗಡಿ ಹೊಲಗಳ ಉದ್ದಕ್ಕೂ ನೆಲಬಾಂಬು ಹುಗಿಯಲಾಯಿತು. ಯುದ್ಧವೇನೋ ಆಗಲಿಲ್ಲ. ಆದರೆ ಹುಗಿಯುವಾಗಲೂ, ಆಮೇಲೆ ಕೀಳುವಾಗಲೂ ನಮ್ಮದೇ ಯೋಧರು ಸತ್ತರು, ಕೈಕಾಲು ಕಳೆದುಕೊಂಡರು. ರೈತರು ತಮ್ಮ ಹೊಲಕ್ಕೆ ಕಾಲಿಡಲಾಗದೆ ಬಿತ್ತನೆ ಕಳೆದುಕೊಂಡರು. ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬನ್ನು ನಿಷೇಧಿಸುವ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ, ಪಾಕಿಸ್ತಾನ, ಚೀನಾ, ಅಮೆರಿಕ, ರಷ್ಯಾ ಇವುಗಳಲ್ಲಿ ಯಾವುದೂ ಸೇರಿಲ್ಲ. ರಷ್ಯಾದ ಭಯದಿಂದ 2025ರಲ್ಲಿ ಯುರೋಪಿನ ಕೆಲವು ದೇಶಗಳು ಅದರಿಂದ ಹೊರಬರುವ ತೀರ್ಮಾನ ಕೈಗೊಂಡವು. ನಮ್ಮ ದೇಶ ಆ ಒಪ್ಪಂದಕ್ಕೆ ಸಹಿ ಹಾಕಲೇಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಗಡಿ ಕಾಯುವವರ ಕಷ್ಟ ಗೊತ್ತಿದ್ದೇ ಈ ಮಾತನ್ನು ಹೇಳುತ್ತಿದ್ದೇವೆ.

ಹಾಗಾದರೆ ಆ ಹುಡುಗ ಹೋಗಬಾರದೇ? ನಮ್ಮ ನಾಡಿನವರೇ ಆದ ರಾಮ ರಾಘೋಬಾ ರಾಣೆಯವರು ಇಲ್ಲಿ ನೆನಪಾಗುತ್ತಾರೆ. ಕಾರವಾರದ ಬಳಿಯ ಚೆಂಡಿಯಾದ ಮನೆತನದವರು, ಬಾಂಬೆ ಸ್ಯಾಪರ್‌ಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದರು. 1948ರ ಏಪ್ರಿಲ್ 8ರಂದು ನೌಶೇರಾದಿಂದ ರಜೌರಿಗೆ ಹೊರಟ ಸೈನ್ಯದ ದಾರಿಯಲ್ಲಿ ನೆಲಬಾಂಬುಗಳಿದ್ದವು, ಕಡಿದುರುಳಿಸಿದ ಪೈನ್ ಮರಗಳಿದ್ದವು. ಮಾರ್ಟರ್ ದಾಳಿಗೆ ರಾಣೆಯವರ ಜೊತೆಗಿದ್ದ ಇಬ್ಬರು ಸತ್ತರು. ರಾಣೆಯವರಿಗೂ ಗಾಯವಾಯಿತು. ಅವರು ಹಿಂತಿರುಗಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ಬಾಂಬು ಕಿತ್ತರು. ನಾಲ್ಕು ದಿನ ಗುಂಡಿನ ಮಳೆಯ ನಡುವೆ ದಾರಿ ಬಿಡಿಸುತ್ತಾ ಹೋದರು. ಅವರಿಗೆ ಪರಮವೀರ ಚಕ್ರ ದೊರೆತದ್ದು ಎಷ್ಟು ಮಂದಿಯನ್ನು ಕೊಂದರೆಂದು ಅಲ್ಲ, ದಾರಿ ತೆರೆದದ್ದಕ್ಕೆ. ಆ ನೌಶೇರಾವನ್ನು ಅದೇ ವರ್ಷದ ಫೆಬ್ರವರಿಯಲ್ಲಿ ಉಳಿಸಿಕೊಂಡವರು ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್. ಜುಲೈ 3ರಂದು ಝಂಗರ್‌ನಲ್ಲಿ ಅವರು ಹುತಾತ್ಮರಾದರು. (ದೇಶಪ್ರೇಮದ ಸರ್ಟಿಫಿಕೇಟ್ ಕೇಳಿದವರ ಮುಂದೆ ಉಸ್ಮಾನರ ಹೆಸರನ್ನು ಹಿಡಿಯುವ ಚಾಳಿ ನಮ್ಮಲ್ಲಿದೆ. ಅದು ನಮಗೆ ಹಿಡಿಸದು. ಇಲ್ಲಿ ಹೇಳಿದ್ದು ಊರಿನ ಸಂಬಂಧಕ್ಕಾಗಿ ಅಷ್ಟೇ.)

ದಾರಿಯಲ್ಲಿ ಬಿದ್ದ ತೊಂದರೆ ಕೊಡುವ ವಸ್ತುವನ್ನು ತೆಗೆದುಹಾಕುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾವು ಅದನ್ನು ಮುಳ್ಳು, ಕಲ್ಲುಗಳ ಮಟ್ಟಿಗೆ ತಿಳಿದಿದ್ದೆವು. ತನ್ನ ಕಾಲು ಹೋದೀತೆಂಬ ಅರಿವಿದ್ದೂ ಮೊಣಕಾಲೂರಿ ಮಣ್ಣು ಕೆದರುವವನ ಕೆಲಸವನ್ನು ನೋಡಿದಾಗ ಆ ಕಲಿಕೆಯ ಆಳ ತಿಳಿಯುತ್ತದೆ. ಆದರೆ ಅದೇ ಕಲಿಕೆಯ ಮುಂದೆ, ದಾರಿಯಲ್ಲಿ ಮುಳ್ಳು ಹರಡುವ ಕೈ ಏನು ಉತ್ತರ ಕೊಡಬೇಕು ಎಂಬುದೂ ಇದೆ. ಇಬ್ಬರೂ ಒಬ್ಬನೇ ಆಗಿರುವ ವೃತ್ತಿ ಇದು. ಹೋಗುವವನು ಸೇತುವೆಯ ಚಿತ್ರವೊಂದನ್ನೇ ನೋಡಿ ಹೋಗಬಾರದು. ಎರಡನ್ನೂ ನೋಡಿ, ನಾಳೆ ತಾನು ಹುಗಿದದ್ದಕ್ಕೂ ಉತ್ತರ ಹೇಳಬೇಕಾದೀತೆಂದು ತಿಳಿದು ಹೋಗುವುದಾದರೆ ನಾವು ತಡೆಯುವುದಿಲ್ಲ. ಅಂಥವರು ಒಳಗಿರುವುದು ಒಳ್ಳೆಯದೇ. ಹೊಟ್ಟೆಪಾಡಿನ ಲೆಕ್ಕವನ್ನೂ ಮರೆಯಬಾರದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಜವಾನರಾಗಿ ಸೇರುವವರಿಗೆ ಸೇವೆ ನಾಲ್ಕೇ ವರ್ಷ. ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದ ಮೂವರು ಇಡಿಗಂಟು ಹಿಡಿದು, ಪೆನ್ಶನ್ ಇಲ್ಲದೆ ಊರಿಗೆ ಮರಳಬೇಕು.

ಇದನ್ನೆಲ್ಲ ಮೊನ್ನೆ ಹುಡುಗನ ಫೋನ್ ಬಂದಾಗ ಹೇಳಿದೆವು. ಮಾತು ಮುಗಿಯುವ ಮೊದಲೇ ತಾಯಿ ಫೋನ್ ತೆಗೆದುಕೊಂಡರು. ಅವರ ಮನಸ್ಸು ಪಂಜಾಬಿನ ಹೊಲದಲ್ಲಿ ನಿಂತುಬಿಟ್ಟಿತ್ತು. “ಹೊಲದಾಗ ಹುಗಿದದ್ದನ್ನ ಮತ್ತ ಎಲ್ಲಾ ತಗೀತಾರೇನ್ರೀ?” ಎಂದರು. ನಕಾಶೆ ಬರೆದಿಟ್ಟು, ಎಣಿಸಿ ತೆಗೆಯುತ್ತಾರೆ, ಆದರೂ ನೆರೆ ಬಂದರೆ, ಮರಳು ಸರಿದರೆ ಕೆಲವು ಜಾಗ ಬದಲಿಸುತ್ತವೆ ಎಂದೆವು. ಅವರದೂ ಗೋವಿನಜೋಳದ ಹೊಲವಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಫೋನ್ ಮಗನ ಕೈಗೆ ಹೋಯಿತು. ಅರ್ಜಿ ಹಾಕುವ ಮೊದಲು ಅಮ್ಮಿಯನ್ನು ಶಿರಸಿ ಮೇಲೆ ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆ ಚಾಚಾ, ಕಡಲ ದಂಡೆಯಲ್ಲಿ ರಾಣೆಯವರ ಪ್ರತಿಮೆ ಇದೆಯಂತಲ್ಲ, ಇಬ್ಬರೂ ನೋಡಿಬರುತ್ತೇವೆ ಎಂದ.