ಆಹಾರವೂ ಆಪ್ತವಾಕ್ಯವೂ

ಮನುಷ್ಯನು ತಾನು ಉಣ್ಣುವ ಅನ್ನವನ್ನು ಅರಿತು ಉಣ್ಣಬೇಕೆಂಬುದು ಹಿರಿಯರ ಮತವು. ಅರಿವಿಗೆ ಸಾಧನಗಳಾದ ಪ್ರಮಾಣಗಳನ್ನು ನೈಯಾಯಿಕರು ನಾಲ್ಕೆಂದು ಎಣಿಸಿರುವರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಅಕ್ಕಿಯಲ್ಲಿ ಕಲ್ಲುಂಟೋ ಇಲ್ಲವೋ ಎಂಬುದನ್ನು ಕಣ್ಣು ತಿಳಿಸುವುದು. ಎಣ್ಣೆ ಕಮಟಾದುದನ್ನು ಮೂಗು ತಿಳಿಸುವುದು. ಆದರೆ ಬೀಜದ ವಂಶವಾಹಿಯಲ್ಲಿಯೇ ಮಾರ್ಪಾಡು ಮಾಡಿ ಬೆಳೆದ ಕುಲಾಂತರಿ ಆಹಾರವನ್ನು ಯಾವ ಗೃಹಿಣಿಯ ಕಣ್ಣಾಗಲಿ ಮೂಗಾಗಲಿ ಗುರುತಿಸಲಾರದು. ಅಲ್ಲಿ ಆಕೆಗೆ ಉಳಿಯುವುದು ಶಬ್ದಪ್ರಮಾಣವೊಂದೇ, ಎಂದರೆ ಮಾರುವವನ ಮಾತು. ಆದುದರಿಂದ ಇದು ವಿಜ್ಞಾನದ ಪ್ರಶ್ನೆಯಾಗಿರುವಂತೆಯೇ ಸತ್ಯದ ಪ್ರಶ್ನೆಯೂ ಆಗಿರುವುದು.

ರಾಯಚೂರು ಸೀಮೆಯವರಿಗೆ ಇದು ದೂರದ ಮಾತಲ್ಲ. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ರಾಜ್ಯ ರೈತಸಂಘದವರು ಬಿ.ಟಿ. ಹತ್ತಿಯ ಪ್ರಯೋಗದ ಬೆಳೆಯನ್ನು ಈ ಜಿಲ್ಲೆಯಲ್ಲಿಯೇ ಸುಟ್ಟರು. 2002ರ ಮಾರ್ಚಿನಲ್ಲಿ ಕೇಂದ್ರ ಸರಕಾರವು ಅದೇ ಹತ್ತಿಗೆ ಅನುಮತಿಯನ್ನಿತ್ತಿತು. ಮಣ್ಣಿನ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಸೇರಿಸಿದುದರಿಂದ ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನು ಈ ಗಿಡದಲ್ಲಿಯೇ ಹುಟ್ಟುವುದು. ಔಷಧದ ಖರ್ಚು ತಗ್ಗೀತೆಂದು ರೈತರು ಅದನ್ನು ಬಿತ್ತಿದರು. ವರ್ಷಗಳು ಕಳೆದಂತೆ ಗುಲಾಬಿ ಕಾಯಿಕೊರಕವು ಅದಕ್ಕೂ ಜಗ್ಗದಂತಾಯಿತು. ಇಂದು ದೇಶದ ಹತ್ತಿಯಲ್ಲಿ ನೂರಕ್ಕೆ 90ಕ್ಕೂ ಮಿಕ್ಕ ಪಾಲು ಈ ಬಗೆಯದೇ. ಹತ್ತಿಯನ್ನು ಉಡುವರಲ್ಲದೆ ಉಣ್ಣುವರೆ ಎಂದು ಕೇಳುವವರುಂಟು. ಅರಳೆಯನ್ನು ತೆಗೆದ ಮೇಲೆ ಉಳಿಯುವ ಹತ್ತಿಕಾಳಿನ ಎಣ್ಣೆಯಲ್ಲಿ ತಿಂಡಿಗಳನ್ನು ಕರಿಯುವರು. ಹಿಂಡಿಯನ್ನು ಕರೆಯುವ ದನಕ್ಕೆ ಇಡುವರು. ಹೀಗೆ ಹೊಲದ ಬೆಳೆಯು ಹೆಸರು ಹೇಳದೆ ಅಡಿಗೆಮನೆಯನ್ನು ಹೊಕ್ಕಿರುವುದು.

ಹೀಗಿರಲು ಭಯಪಡತಕ್ಕುದೆ? ಶುದ್ಧೀಕರಿಸಿದ ಎಣ್ಣೆಯಲ್ಲಿ ಆ ಪ್ರೋಟೀನು ಉಳಿಯುವುದಿಲ್ಲವೆಂಬಷ್ಟು ಅಲ್ಪ. ಪರೀಕ್ಷೆಗೊಳಗಾಗಿ ಮಾರುಕಟ್ಟೆಗೆ ಬಂದ ಕುಲಾಂತರಿ ಆಹಾರಗಳಿಂದ ಆರೋಗ್ಯಕ್ಕೆ ಅಪಾಯವು ಸಂಭವನೀಯವಲ್ಲವೆಂದೂ, ಆದರೆ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ಇತ್ತ ತಜ್ಞರ ಸಮಿತಿಯು 2009ರಲ್ಲಿ ಒಪ್ಪಿದ ಬಿ.ಟಿ. ಬದನೆಯನ್ನು, ಬೆಂಗಳೂರೇ ಮೊದಲಾದ ಊರುಗಳಲ್ಲಿ ಜನಾಭಿಪ್ರಾಯವನ್ನು ಕೇಳಿ, ಸಚಿವ ಜೈರಾಮ್ ರಮೇಶರು 2010ರ ಫೆಬ್ರವರಿ 9ರಂದು ತಡೆಹಿಡಿದರು. ನೆರೆಯ ಬಾಂಗ್ಲಾದೇಶವು 2013ರಲ್ಲಿ ಅಂಥ ಬದನೆಯನ್ನೇ ಒಪ್ಪಿಕೊಂಡಿತು. ಬಲ್ಲವರಲ್ಲಿಯೇ ಮತಭೇದವಿರುವಾಗ ಕೊಳ್ಳುವವರಿಗೆ ಸಲ್ಲತಕ್ಕುದು ಭಯವೂ ಅಲ್ಲ, ಉದಾಸೀನವೂ ಅಲ್ಲ, ವಿವೇಕವು.

ವಿವೇಕದ ಮೊದಲ ಮೆಟ್ಟಿಲು ಬೇರ್ಪಡಿಸಿ ತಿಳಿಯುವುದು. ಶಕ್ತಿನಗರದ ಸಂತೆಯಲ್ಲಿ ದುಂಡನೆಯ ಟೊಮೇಟೊವನ್ನೋ ಹೊಳೆಯುವ ಬದನೆಯನ್ನೋ ಕಂಡು ಕುಲಾಂತರಿಯೆಂದು ಶಂಕಿಸುವುದು ಯುಕ್ತವಲ್ಲ. ಸಂಕರ ತಳಿ ಬೇರೆ, ಕುಲಾಂತರಿ ಬೇರೆ. ಈ ದೇಶದಲ್ಲಿ ವ್ಯಾಪಾರಕ್ಕಾಗಿ ಬೆಳೆಯಲು ಅನುಮತಿಯಿರುವ ಕುಲಾಂತರಿ ಬೆಳೆಯು ಹತ್ತಿಯೊಂದೇ. ಕೇಳಬೇಕಾದ ಪ್ರಶ್ನೆಯಿರುವುದು ಎಣ್ಣೆಯ ಡಬ್ಬಿಯಲ್ಲಿ: ಹತ್ತಿಕಾಳಿನ ಎಣ್ಣೆ, ಅರ್ಜೆಂಟೀನ ಬ್ರೆಜಿಲುಗಳಿಂದ ಬರುವ ಸೋಯಾ ಎಣ್ಣೆ.

ಎರಡನೆಯದು ಕೇಳುವುದು. ಕುಲಾಂತರಿ ಆಹಾರವುಳ್ಳ ಪೊಟ್ಟಣದ ಮೇಲೆ ‘ಜಿ.ಎಂ.’ ಎಂದು ಅಚ್ಚು ಮಾಡಬೇಕೆಂಬ ನಿಯಮವು 2013ರ ಜನವರಿ 1ರಿಂದ ಜಾರಿಗೆ ಬಂದಿತು. ಆದರೆ ಬಿಡಿಯಾಗಿ ಅಳೆದು ಕೊಡುವ ಎಣ್ಣೆಗೂ ಬಾಣಲೆಯಿಂದ ತೆಗೆದು ಕಟ್ಟಿಕೊಡುವ ಭಜಿಗೂ ಯಾವ ಅಕ್ಷರವೂ ಇಲ್ಲ. ಆದುದರಿಂದ ಕೊಳ್ಳುವವರು ಪೊಟ್ಟಣವನ್ನು ಓದಬೇಕು, ಅಂಗಡಿಯವರನ್ನು ಕೇಳಬೇಕು, ರಸೀದಿಯನ್ನು ಇಟ್ಟುಕೊಳ್ಳಬೇಕು. ಬೇಡವೆನಿಸಿದವರಿಗೆ ಗಾಣದ ಕುಸುಬೆ, ಶೇಂಗಾ, ಎಳ್ಳಿನ ಎಣ್ಣೆಗಳುಂಟು. ಬೆಲೆ ಹೆಚ್ಚೆಂಬುದು ನಿಜ. ಅದನ್ನು ತೆರಲಾರದ ಬಡವರಿಗೂ ತಿಳಿಯುವ ಹಕ್ಕು ಸಮಾನವೆಂಬುದು ಅದಕ್ಕಿಂತ ದೊಡ್ಡ ನಿಜ.

ವಸ್ತುವನ್ನು ಇದ್ದಂತೆ ಬಲ್ಲವನೂ, ಬಲ್ಲುದನ್ನು ಇದ್ದಂತೆ ಹೇಳಬಯಸುವವನೂ ಆಪ್ತನೆಂದು ಶಾಸ್ತ್ರವು ಹೇಳುವುದು. ಈ ಅಳತೆಗೆ ವ್ಯಾಪಾರಿಯೂ ಸರಕಾರವೂ ಒಳಗಾಗುವಂತೆ, ಕೇಳಿದ ವದಂತಿಯನ್ನು ಹಬ್ಬಿಸುವ ನೆರೆಯವರೂ ಒಳಗಾಗುವರು. ‘ಇದು ಯಾವ ಕಾಳಿನದೋ ನಾನರಿಯೆ’ ಎನ್ನುವ ಅಂಗಡಿಯವನು, ಕೊಳ್ಳುವವರಿಗೆ ಹಿತವಾದುದನ್ನೇ ನುಡಿಯುವವನಿಗಿಂತ ಮೇಲು. ಮಗುವು ತಾಯಿ ಬಡಿಸಿದುದನ್ನು ಏನೆಂದು ಕೇಳದೆ ಉಣ್ಣುವುದು. ಅದಕ್ಕೆ ಆಕೆಯ ಕೈಯೇ ಪ್ರಮಾಣವು. ಆದುದರಿಂದ ಅಂಗಡಿಯ ಮುಂದೆ ನಿಂತು ಆಕೆ ಕೇಳುವ ಪ್ರಶ್ನೆಯು ಆಕೆಯೊಬ್ಬಳದಲ್ಲ. ಕೇಳಲರಿಯದ ಆ ಮಗುವಿನದೂ ಹೌದು.