ಅಡ್ಡಿಲ್ಲ ಎನ್ನುವವರ ನೋವು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರ ಬಾಯಲ್ಲಿ ‘ಅಡ್ಡಿಲ್ಲ’ ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆ ಎಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಊಟ ಹೇಗಿತ್ತು ಎಂದರೆ ಅಡ್ಡಿಲ್ಲ. ಕೊಳೆರೋಗದಿಂದ ಅರ್ಧ ಅಡಿಕೆ ಉದುರಿಹೋಗಿದ್ದರೂ ಫಸಲು ಅಡ್ಡಿಲ್ಲ. ಮೆಟ್ಟಿಲು ಹತ್ತಲಾಗದೆ ಗೋಡೆ ಹಿಡಿದು ನಿಂತವರ ಮಂಡಿಯೂ ಅಡ್ಡಿಲ್ಲ. ಹೀಗೆನ್ನುವವರನ್ನು, ಅದರಲ್ಲೂ ಹೆಂಗಸರನ್ನು, ನಾವು ಬಹಳ ಮೆಚ್ಚುತ್ತೇವೆ. ‘ಒಂದು ದಿನ ನೋವೆಂದು ಬಾಯಿಬಿಟ್ಟವಳಲ್ಲ’ ಎಂಬುದು ನಮ್ಮಲ್ಲಿ ಸತ್ತವರಿಗೂ ಸಲ್ಲುವ ಹೊಗಳಿಕೆ. ಆದರೆ ನೋವನ್ನು ನುಂಗುವುದು ನಿಜವಾಗಿ ಗುಣವೇ? ಹಾಗಾದರೆ ನೋವನ್ನು ಅಳಿಸಿಹಾಕುವುದೇ ಕರುಣೆಯೇ? ಈ ಎರಡು ಪ್ರಶ್ನೆಗಳೂ ನನ್ನನ್ನು ಕಾಡಿದ್ದು ನಮ್ಮ ದೊಡ್ಡಮ್ಮನ ಮಂಡಿ ಬದಲಿಸಿದಾಗ.

ಶಸ್ತ್ರಚಿಕಿತ್ಸೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಆಯಿತು. ಮೊದಲ ರಾತ್ರಿ ನೋವಿಗೆ ಮಾರ್ಫಿನ್ ಕೊಟ್ಟಿದ್ದರು. ದೊಡ್ಡಮ್ಮ ಗೊರಕೆ ಹೊಡೆಯುತ್ತ ಮಲಗಿದ್ದನ್ನು ಕಂಡು ನಮಗೆಲ್ಲ ಸಮಾಧಾನ. ಸಿಸ್ಟರ್ ಮಾತ್ರ ಗಡಿಯಾರ ನೋಡುತ್ತ ಅವರ ಎದೆಯ ಏರಿಳಿತವನ್ನು ಎಣಿಸಿದರು. ನಿಮಿಷಕ್ಕೆ ಎಂಟು. ಕೂಡಲೇ ಭುಜ ಅಲುಗಿಸಿ ಎಬ್ಬಿಸಿ, ಜೋರಾಗಿ ಉಸಿರೆಳೆದುಕೊಳ್ಳಲು ಹೇಳಿ, ಅರಿವಳಿಕೆ ವೈದ್ಯರನ್ನು ಕರೆಸಿದರು. ‘ಪಾಪ, ಈಗಷ್ಟೇ ಕಣ್ಣು ಹತ್ತಿತ್ತು’ ಎಂದು ನಮ್ಮವರೊಬ್ಬರು ಗೊಣಗಿದರು.

ವೈದ್ಯರು ಮರುದಿನ ವಿವರಿಸಿದರು. ಮಾರ್ಫಿನ್ ಜಾತಿಯ ಔಷಧಗಳು ನೋವನ್ನು ತಗ್ಗಿಸುವಂತೆಯೇ, ಉಸಿರಾಡು ಎಂದು ಮೆದುಳಿನ ಬುಡದಿಂದ ಬರುವ ಆಜ್ಞೆಯನ್ನೂ ತಗ್ಗಿಸುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೂ ದೇಹಕ್ಕೆ ಗಾಬರಿಯಾಗುವುದಿಲ್ಲ. ಮೂಗಿಗೆ ಆಮ್ಲಜನಕ ಹಾಕಿದ್ದರೆ ಬೆರಳಿಗೆ ಸಿಕ್ಕಿಸಿದ ಯಂತ್ರವೂ ಸ್ವಲ್ಪ ಹೊತ್ತು ಒಳ್ಳೆಯ ಅಂಕಿಯನ್ನೇ ತೋರಿಸುತ್ತಿರಬಹುದು. ನಿದ್ದೆಯಲ್ಲಿ ಉಸಿರು ಕಟ್ಟಿ ಗೊರಕೆ ಹೊಡೆಯುವವರಿಗೆ, ನಿದ್ದೆಗುಳಿಗೆಯ ಅಭ್ಯಾಸವಿರುವವರಿಗೆ, ಶ್ವಾಸಕೋಶ ದುರ್ಬಲವಾದವರಿಗೆ ಅಪಾಯ ಇನ್ನೂ ಹೆಚ್ಚು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮಾರ್ಫಿನ್ ಕೊಟ್ಟಿದ್ದರಂತೂ ಅದರ ಪ್ರಭಾವ ಗಂಟೆಗಳ ಮೇಲೆ ಕಾಣಿಸಿಕೊಳ್ಳಬಹುದು. ಅತಿಯಾದರೆ ಇಳಿಸಲು ನ್ಯಾಲೊಕ್ಸೋನ್ ಎಂಬ ಮದ್ದುಂಟು, ಆದರೆ ಅತಿಯಾಗಿದೆ ಎಂದು ಕಾಣಲು ಎಚ್ಚರವಿದ್ದ ಒಂದು ಜೀವ ಬೇಕು.

ಇಷ್ಟು ಕೇಳಿದ ಮೇಲೆ ನಮ್ಮವರೆಲ್ಲ ಮದ್ದೇ ಬೇಡವೆಂಬ ಪಕ್ಷಕ್ಕೆ ಸೇರಿದರು. ದೊಡ್ಡಮ್ಮ ಎಲ್ಲರಿಗಿಂತ ಮೊದಲು ಸೇರಿದರು. ‘ಹೇಗಿದೀರಿ?’ ಎಂದರೆ ‘ಅಡ್ಡಿಲ್ಲ ಕಣಮ್ಮಾ’. ಆದರೆ ಅಲುಗಾಡಲು ಹೆದರಿ ಅವರು ಮೇಲೆಮೇಲೆ ಉಸಿರಾಡುತ್ತಿದ್ದರು. ಗಂಟಲಲ್ಲಿ ಕಫ ಗೊರಗೊರ ಎನ್ನುತ್ತಿದ್ದರೂ ಕೆಮ್ಮುತ್ತಿರಲಿಲ್ಲ. ಮಂಚದಿಂದ ಇಳಿಯಲು ಒಪ್ಪಲಿಲ್ಲ. ಸಂಜೆ ಬಂದ ವೈದ್ಯರಿಗೆ ಇದು ಹಿಂದಿನ ರಾತ್ರಿಯಷ್ಟೇ ಚಿಂತೆಯ ವಿಷಯವಾಯಿತು. ಆಳವಾಗಿ ಉಸಿರೆಳೆಯದಿದ್ದರೆ ಶ್ವಾಸಕೋಶದ ಬುಡ ಮುದುಡುತ್ತದೆ, ಕಫ ನಿಂತು ನ್ಯುಮೋನಿಯಾ ಆಗಬಹುದು. ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಎದೆಗೆ ಹೋಗಿ ಕೂರಬಹುದು. ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ತೊಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್, ತೀರ ಬೇಕಾದರೆ ಚಿಟಿಕೆಯಷ್ಟು ಬಲವಾದ ಮದ್ದು, ಹೀಗೆ ಪಾಲು ಹಂಚಿದರು. ಸಾಮಾನ್ಯ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೂ ಜಠರಕ್ಕೂ ತೊಂದರೆ ಕೊಡುತ್ತವೆಂದು ಅವನ್ನು ಅಳೆದು ಕೊಟ್ಟರು. ಕೈಗೆ ಮೂರು ಚೆಂಡಿನ ಉಸಿರಿನ ಆಟಿಕೆ ಬಂತು.

ಮದ್ದು ಉಸಿರನ್ನು ಕಟ್ಟಬಲ್ಲದು, ನೋವೂ ಕಟ್ಟಬಲ್ಲದು. ಇದನ್ನು ಕಂಡ ಮೇಲೆ ಸಹನೆಯನ್ನು ಸುಮ್ಮನೆ ಗುಣವೆಂದು ಹೊಗಳುವುದು ನನಗೆ ಕಷ್ಟವಾಗಿದೆ. ಪರಿಹಾರವಿಲ್ಲದ ನೋವನ್ನು ಧೈರ್ಯದಿಂದ ಹೊರುವುದು ದೊಡ್ಡದು, ನಿಜ. ಪರಿಹಾರ ಪಕ್ಕದಲ್ಲೇ ಇದ್ದಾಗ ಅದನ್ನು ಮುಚ್ಚಿಡುವುದು ಆರೈಕೆ ಮಾಡುವವರಿಗೆ ತಪ್ಪು ಲೆಕ್ಕ ಕೊಟ್ಟ ಹಾಗೆ. ಅದೇ ರೀತಿ ‘ಹೇಗಾದರೂ ನಿದ್ದೆ ಬರಿಸಿಬಿಡಿ’ ಎನ್ನುವ ನಮ್ಮ ಕರುಣೆಯಲ್ಲೂ ಅರ್ಧ ಪಾಲು, ನರಳುವುದನ್ನು ಕೇಳಲಾರದ ನಮ್ಮದೇ ಸಂಕಟ.

ಆದರೂ ದೊಡ್ಡಮ್ಮನಿಗೆ ಹಾಸಿಗೆಯಿತ್ತು, ಎಣಿಸುವ ಸಿಸ್ಟರ್ ಇದ್ದರು. ಸಾಗರದ ಪಕ್ಕದ ಹಂದಿಗೋಡನ್ನು ನೆನೆದರೆ ಪ್ರಶ್ನೆ ಬೇರೆಯೇ ಆಗುತ್ತದೆ. 1975ರ ಹೊತ್ತಿಗೆ ಅಲ್ಲಿ ಬೆಳಕಿಗೆ ಬಂದ ಕೀಲುಗಳ ಕಾಯಿಲೆಗೆ ಆ ಊರಿನ ಹೆಸರೇ ಅಂಟಿತು. ಈ ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ, ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಬಹುಪಾಲು ದಲಿತ ಕುಟುಂಬಗಳಲ್ಲೇ ಅದು ಕಂಡಿತು. ಮೊದಮೊದಲು ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಅನುಮಾನವಿತ್ತು. ಆಮೇಲೆ ಸಂಶೋಧಕರು ಇದು ವಂಶವಾಹಿಯಿಂದ ಬರುವುದೆಂದು ಗುರುತಿಸಿದರು. ಸೊಂಟ, ಮಂಡಿಗಳ ಕೀಲು ಸವೆದು, ಕೆಲವರು ಕುಳ್ಳಾಗಿ, ಬೆನ್ನು ಬಾಗಿ, ಕೊನೆಗೆ ಕೈಯೂರಿ ಸರಿಯುವ ಸ್ಥಿತಿಗೆ ಬಂದರು. ನಾಟಿ, ಕೊಯ್ಲಿನ ಕೂಲಿಯನ್ನೇ ನಂಬಿದವರು ಅವರು. ಸವೆದ ಸೊಂಟದ ಕೀಲನ್ನು ಬದಲಿಸುವ ವಿದ್ಯೆ ಇಂದು ಇದೆ. ಆದರೆ ಬೆನ್ನೆಲುಬು ಬಾಗಿದವರಿಗೆ ಎದೆಗೂಡು ಕಿರಿದು, ಉಸಿರಿನ ಬಂಡವಾಳ ಕಡಿಮೆ. ಬೆನ್ನಿಗೆ ಅರಿವಳಿಕೆ ಕೊಡುವುದೂ ಕಷ್ಟ. ಅಂದರೆ ಎಲ್ಲರಿಗಿಂತ ಹೆಚ್ಚು ನೋವುಂಡವರಿಗೇ ನೋವಿನ ಮದ್ದು ಎಲ್ಲರಿಗಿಂತ ಹೆಚ್ಚು ಅಪಾಯದ್ದು. ಅವರಿಗೆ ಬೇಕಾದದ್ದು ಇನ್ನೂ ನುರಿತ ವೈದ್ಯರು, ಇನ್ನೂ ಎಚ್ಚರದ ರಾತ್ರಿಗಳು. ಅವೆರಡೂ ಹಳ್ಳಿಯಿಂದ ಬಹಳ ದೂರ.

ಮದ್ದೂ ಹಾಗೆಯೇ. 1985ರ ಮಾದಕ ವಸ್ತುಗಳ ಕಾಯ್ದೆಯಾದ ಮೇಲೆ ಪರವಾನಗಿಯ ರಗಳೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲವಾಯಿತು. ಕಾನೂನು ಬದಲಾದಷ್ಟು ಬೇಗ ಭಯ ಬದಲಾಗುವುದಿಲ್ಲ. ಹೀಗೆ ಬಡವರ ಸಹನೆ ಅನೇಕ ಸಲ ಅವರು ಆರಿಸಿಕೊಂಡದ್ದೇ ಅಲ್ಲ. ಕೇಳಿದರೂ ಸಿಗದು ಎಂದು ಗೊತ್ತಿರುವವರು ‘ಅಡ್ಡಿಲ್ಲ’ ಎನ್ನದೆ ಇನ್ನೇನೆಂದಾರು?

ತರಗತಿಯಲ್ಲಿ ‘ಅರ್ಥವಾಯಿತೇ?’ ಎಂದರೆ ಮಕ್ಕಳೆಲ್ಲ ಒಟ್ಟಿಗೆ ಹೌದೆನ್ನುತ್ತಾರೆ. ಬೋರ್ಡಿನ ಮುಂದೆ ಲೆಕ್ಕ ಮಾಡಿಸಿದಾಗಲೇ ನಿಜ ತಿಳಿಯುವುದು. ನೋವಿನವರನ್ನೂ ಹಾಗೆ ವಿಚಾರಿಸಬೇಕು. ನೋವಿದೆಯೇ ಎನ್ನುವ ಬದಲು ಕೆಮ್ಮಲು ಆಗುತ್ತದೆಯೇ, ಮಗ್ಗುಲು ಹೊರಳಲು ಆಗುತ್ತದೆಯೇ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ ಎಂದು ಕೇಳಬೇಕು. ಮಲಗಿದವರ ಪಕ್ಕ ಕೂತು ಒಂದು ನಿಮಿಷ ಅವರ ಉಸಿರನ್ನು ಎಣಿಸಬೇಕು. ಬರುವ ಉತ್ತರಕ್ಕೆ ಏನಾದರೂ ಮಾಡುವ ಮನಸ್ಸಿದ್ದರೆ ಮಾತ್ರ ಹೀಗೆ ಕೇಳಲು ಸಾಧ್ಯ. ಹಂದಿಗೋಡಿನ ಜಗಲಿಗಳಲ್ಲಿ ಕೂತವರನ್ನು ಹಾಗೆ ಕೇಳಿದವರು ಎಷ್ಟು ಜನ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.