ಬಸವನಹುಳು ತಿನ್ನುವ ಮೀನು ಮತ್ತು ಹಿಂಸೆಯ ಹೊಣೆ

ಹಲವು ಜಾತಿಯ ಮೀನುಗಳು ಕೂಡಿ ಬಾಳುವ ಅಕ್ವೇರಿಯಂನಲ್ಲಿ ಬಸವನಹುಳುಗಳು ಮಿತಿಮೀರಿದಾಗ, ಅವನ್ನು ತಿನ್ನುವ ಮೀನೊಂದನ್ನು ತಂದು ಬಿಡುವುದು ರೂಢಿಯಲ್ಲಿರುವ ಉಪಾಯ. ಔಷಧಿ ಹಾಕಬೇಕಿಲ್ಲ, ಕೈಯಾರೆ ಹೊಸಕಬೇಕಿಲ್ಲ. ಮೀನು ತನ್ನ ಆಹಾರವನ್ನು ತಾನು ತಿಂದುಕೊಳ್ಳುತ್ತದೆ. ಹೀಗೆ ಸತ್ತ ಹುಳುವಿನ ಪಾಪ ತಿಂದ ಮೀನಿಗೋ, ತಂದು ಬಿಟ್ಟವರಿಗೋ? ಅಹಿಂಸೆಯನ್ನು ವ್ರತವಾಗಿಸಿಕೊಂಡ ದರ್ಶನಗಳಲ್ಲಿ ಈ ಬಗೆಯ ಪ್ರಶ್ನೆಗೆ ದೀರ್ಘವಾದ ವಿಚಾರಣೆ ನಡೆದಿದೆ.

ಮೊದಲು ಕೇಳಿಬರುವ ಸಮಾಧಾನ ಪ್ರಕೃತಿಯದು. ಒಂದು ಜೀವ ಇನ್ನೊಂದರಿಂದ ಬದುಕುತ್ತದೆ ಎಂಬ ಮಾತು ಭಾಗವತದ ಮೊದಲ ಸ್ಕಂಧದಲ್ಲಿದೆ. ಆದರೆ ಅಲ್ಲಿ ನಾರದ ಅದನ್ನು ಹೇಳುವುದು ಧೃತರಾಷ್ಟ್ರ ಮನೆ ತೊರೆದದ್ದಕ್ಕೆ ಕೊರಗುವ ಯುಧಿಷ್ಠಿರನನ್ನು ಸಂತೈಸಲು. ಲೋಕ ಹೇಗಿದೆ ಎಂಬ ವರ್ಣನೆಯಿಂದ ಮನುಷ್ಯ ಹೇಗೆ ನಡೆಯಬೇಕೆಂಬ ವಿಧಿ ಹುಟ್ಟುವುದಿಲ್ಲ. ಅರ್ಥಶಾಸ್ತ್ರವಂತೂ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ರಾಜದಂಡ ಇಲ್ಲದಾಗ ಒದಗುವ ದುಸ್ಥಿತಿಯೆಂದೇ ಕಾಣುತ್ತದೆ. ಮೇಲಾಗಿ ಗಾಜಿನ ತೊಟ್ಟಿಯಲ್ಲಿ ಯಾವ ಜೀವಿಯ ಜೊತೆ ಯಾವುದಿರಬೇಕೆಂದು ಗೊತ್ತುಮಾಡುವುದು ಮನುಷ್ಯನೇ. ಬೇಟೆಗಾರನನ್ನು ಆರಿಸಿ ತಂದವರು ಬೇಟೆಯನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯಲಾಗದು.

ಜೈನ ವಿಚಾರ ಈ ಎಳೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಈ ಮೂರೂ ಹಿಂಸೆಯ ದಾರಿಗಳೇ. ಮೀನಿನ ಬಾಯಿಂದ ಕೊಲ್ಲಿಸುವುದು ಎರಡನೆಯ ಬಗೆಗೆ ಸೇರುತ್ತದೆ. ಸಂಕಲ್ಪದ ತೂಕ ಎಷ್ಟೆಂಬುದನ್ನು ಕನ್ನಡದಲ್ಲಿ ಮರೆಯಲಾಗದಂತೆ ಹೇಳಿದ ಕೃತಿ ಜನ್ನನ ‘ಯಶೋಧರ ಚರಿತೆ’ (1209). ಅದರಲ್ಲಿ ಯಶೋಧರ ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಗುತ್ತದೆ.

ಬೌದ್ಧ ಪರಂಪರೆಯೂ ಕರ್ಮದ ತಿರುಳನ್ನು ಚೇತನೆಯಲ್ಲಿ, ಅಂದರೆ ಉದ್ದೇಶದಲ್ಲಿ ಕಾಣುತ್ತದೆ. ಜೀವಿ ಇರಬೇಕು, ಅದು ಜೀವಿಯೆಂಬ ತಿಳಿವಿರಬೇಕು, ಕೊಲ್ಲುವ ಬಯಕೆ ಇರಬೇಕು, ಅದಕ್ಕೆ ತಕ್ಕ ಯತ್ನ ನಡೆಯಬೇಕು, ಸಾವು ಸಂಭವಿಸಬೇಕು. ಈ ಐದೂ ಕೂಡಿದಾಗ ಪ್ರಾಣಘಾತ ಪೂರ್ಣವಾಗುತ್ತದೆ. ಇದರಂತೆ, ಬಸವನಹುಳು ತಿನ್ನುವ ಲೋಚ್ ಎಂಬ ಮೀನನ್ನು ಚೆಂದಕ್ಕೆಂದು ಸಾಕಿ, ಅದು ಅಕಸ್ಮಾತ್ತಾಗಿ ಹುಳು ತಿಂದರೆ ಅದು ಒಂದು ಬಗೆ. ಹುಳು ತೀರಿಸಲೆಂದೇ ಲೋಚ್ ತಂದರೆ ಅದು ಇನ್ನೊಂದು. ಎರಡು ಕಡೆಯೂ ಲೋಚ್ ತನ್ನ ಮೂತಿಯನ್ನು ಚಿಪ್ಪಿನ ಬಾಯಿಗೆ ಒತ್ತಿ ಮಾಂಸವನ್ನು ಹೀರಿಕೊಳ್ಳುತ್ತದೆ, ಜಲ್ಲಿಯ ಮೇಲೆ ಖಾಲಿ ಚಿಪ್ಪುಗಳು ಉಳಿಯುತ್ತವೆ. ಕಣ್ಣಿಗೆ ಕಾಣುವ ಕ್ರಿಯೆ ಒಂದೇ ಆದರೂ ಸಾಕಿದವರ ಕರ್ಮ ಬೇರೆ.

ಇಲ್ಲಿ ಜೀವಿಗಳ ತರತಮದ ವಾದವೊಂದು ಹುಟ್ಟುತ್ತದೆ. ಜೈನ ವಿಂಗಡಣೆಯಲ್ಲಿ ಬಸವನಹುಳು ಸ್ಪರ್ಶ ಮತ್ತು ರುಚಿ ಮಾತ್ರವುಳ್ಳ ದ್ವೀಂದ್ರಿಯ ಜೀವಿ, ಮೀನು ಪಂಚೇಂದ್ರಿಯ. ಇಂದ್ರಿಯ ಹೆಚ್ಚಿದಂತೆ ಹಿಂಸೆಯೂ ಗುರುತರ ಎಂದರೆ, ಹುಳುವಿಗಾಗಿ ಇಷ್ಟು ಚಿಂತೆ ಏಕೆ ಎನ್ನಿಸಬಹುದು. ಅದೇ ಅಳತೆಗೋಲು ಮೀನಿನ ಕಡೆ ತಿರುಗಿದಾಗ ವಾದ ತಿರುಗುಮುರುಗಾಗುತ್ತದೆ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಟ್ಟುವ ದೋಷಗಳಲ್ಲಿ, ಪ್ರಾಣಿಯನ್ನು ಕಟ್ಟಿಹಾಕುವುದೂ ಅದರ ಅನ್ನಪಾನ ತಡೆಯುವುದೂ ಸೇರಿವೆ. ಹುಳುಗಳಿಗಾಗಿ ತಂದ ಮೀನಿನ ಬದುಕು ಈ ಎರಡಕ್ಕೂ ಸಿಕ್ಕಿಬೀಳುತ್ತದೆ.

ಸುಮಾತ್ರಾ ಮತ್ತು ಬೋರ್ನಿಯೊ ಮೂಲದ ಕ್ಲೌನ್ ಲೋಚ್ ಮಾರುಕಟ್ಟೆಯಲ್ಲಿ ಬೆರಳುದ್ದ ಇರುತ್ತದೆ. ಬೆಳೆದರೆ 30 ಸೆಂ.ಮೀ. ತಲುಪಬಲ್ಲದು, ಗುಂಪಿನಲ್ಲೇ ಇರಬೇಕು, ಇಪ್ಪತ್ತು ವರ್ಷ ಬದುಕಬಲ್ಲದು. ಹುಳುಗಳು ಕೆಲವೇ ವಾರಗಳಲ್ಲಿ ಮುಗಿದ ಮೇಲೆ ಅದಕ್ಕೆ ಉಳಿಯುವುದು ಇಕ್ಕಟ್ಟಾದ ತೊಟ್ಟಿ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳ ಬಟಾಣಿಗಾತ್ರದ ಪಫರ್ ಮೀನಿನದು ಬೇರೆ ತೊಡಕು. ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ಹೊರಳಿಸುತ್ತ, ಹುಳುವಿನ ಎದುರು ನಿಂತಲ್ಲೇ ತೇಲಿ, ಸರಕ್ಕನೆ ಕಚ್ಚುವ ಈ ಮೀನು ಜೊತೆಯ ಗಪ್ಪಿಗಳ ರೆಕ್ಕೆಯನ್ನೂ ಬಿಡುವುದಿಲ್ಲ. ಒಣ ಆಹಾರವನ್ನು ಸಾಮಾನ್ಯವಾಗಿ ಮುಟ್ಟದ ಕಾರಣ ಹುಳು ತೀರಿದರೆ ಉಪವಾಸ ಬೀಳಬಹುದು. ಪಶ್ಚಿಮ ಘಟ್ಟದಲ್ಲಿ ಇದು ಅಳಿವಿನ ಭೀತಿಗೆ ಒಳಗಾದ ಜಾತಿಯೂ ಹೌದು. ಐದಾರು ಸೆಂ.ಮೀ.ಗೆ ನಿಲ್ಲುವ ಡ್ವಾರ್ಫ್ ಚೈನ್ ಲೋಚ್ ಸಮುದಾಯ ತೊಟ್ಟಿಗೆ ಹೆಚ್ಚು ಹೊಂದುತ್ತದೆ, ಆದರೆ ಅದಕ್ಕೂ ಗುಂಪು ಬೇಕು.

ಇನ್ನು ಹುಳು ಹೆಚ್ಚಿದ್ದೇಕೆ ಎಂಬ ಪ್ರಶ್ನೆ. ಹೊಸ ಗಿಡದ ಎಲೆಯಡಿ ಅಂಟಿಕೊಂಡ ಲೋಳೆಯಂಥ ಮೊಟ್ಟೆಯ ಗುಪ್ಪೆಯೊಂದು ಬಂದರೆ ಸಾಕು. ಫೈಸಾ ಎಂಬ ಬಗೆಯ ಬಸವನಹುಳುಗಳು ಉಭಯಲಿಂಗಿಗಳು. ಮಲೇಷಿಯನ್ ಟ್ರಂಪೆಟ್ ಎಂಬ ಬಗೆಯ ಹೆಣ್ಣುಹುಳುಗಳು ಗಂಡಿಲ್ಲದೆಯೇ ಮರಿ ಹಾಕಬಲ್ಲವು. ಆದರೂ ಸಂಖ್ಯೆಯನ್ನು ನಿರ್ಧರಿಸುವುದು ಸಿಗುವ ಆಹಾರ: ಮೀನು ತಿನ್ನದೆ ತಳಕ್ಕಿಳಿದ ಕಾಳು, ಕೊಳೆತ ಎಲೆ, ಪಾಚಿ. ಹುಳುಗಳ ಪ್ರವಾಹ ಬಹುತೇಕ ಸಾಕಿದವರ ಕೈ ಉದಾರವಾದದ್ದರ ಫಲ. ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆಗುವ ಪ್ರಾಣಹಾನಿಯೆಂದು ನಿರೂಪಿಸಿದೆ. ಈ ದೃಷ್ಟಿಯಿಂದ ಹಿಂಸೆಯ ಬೀಜ ಬಿದ್ದದ್ದು ಲೋಚ್ ತರುವುದಕ್ಕೂ ಮೊದಲೇ, ಅಳತೆ ತಪ್ಪಿ ಕಾಳು ಹಾಕಿದಾಗ.

ಹಾಗಾಗಿ ಅಹಿಂಸೆಯ ಕ್ರಮದಲ್ಲಿ ಮೊದಲ ಹೆಜ್ಜೆ ಕೆಲವು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಕೊಡುವುದು, ತಳದ ಕಸ ಹೀರಿ ತೆಗೆಯುವುದು, ಹೊಸ ಗಿಡವನ್ನು ಪರೀಕ್ಷಿಸಿ ನೆಡುವುದು. ಎರಡನೆಯದು, ರಾತ್ರಿ ಸೌತೆಕಾಯಿ ಹೋಳೊಂದನ್ನು ಇಳಿಬಿಟ್ಟು, ಬೆಳಿಗ್ಗೆ ಮುತ್ತಿದ ಹುಳುಗಳ ಸಮೇತ ಎತ್ತುವುದು. ಅವನ್ನು ಕೆರೆಗೆ ಬಿಟ್ಟರೆ ದಯೆಯ ಹೆಸರಿನಲ್ಲಿ ಅಲ್ಲಿನ ಜೀವಿಗಳಿಗೆ ಹಾನಿಯಾದೀತು. ಬೇರೆ ಪಾತ್ರೆಯಲ್ಲಿ ಸಾಕುವುದು ಲೇಸು. ಉಳಿದ ನಾಲ್ಕಾರು ಹುಳುಗಳು ಪಾಚಿ ತಿಂದು ತೊಟ್ಟಿಗೆ ಉಪಕಾರವನ್ನೇ ಮಾಡುತ್ತವೆ. ಇಷ್ಟರ ಮೇಲೂ ಮೀನನ್ನೇ ಆರಿಸುವುದಾದರೆ, ಹುಳುಗಳೆಲ್ಲ ಮುಗಿದ ಮೇಲೂ ಆ ತೊಟ್ಟಿಯಲ್ಲಿ ಸುಖವಾಗಿ ಬಾಳಬಲ್ಲ ಜಾತಿಯನ್ನೇ ಆರಿಸಬೇಕು. ಅದು ತಿನ್ನುವ ಪ್ರತಿ ಹುಳುವಿನ ಹೊಣೆ ತರಿಸಿದವರಲ್ಲೇ ಉಳಿಯುತ್ತದೆ.